ಸಂಘದಲ್ಲಿ ಬಿಟ್‌ಕಾಯಿನ್ ಬಗ್ಗೆ ಮಾತಾಡಿ ಅಂತಿದ್ದಾರೆ. ಒಪ್ಪಿಕೊಳ್ಳಲಾ, ಬೇಡವಾ?

ಮಾನಪಾಡಾ ರೋಡ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿ ಈಸ್ಟ್‌ನವನು. ಊರು ಕುಂದಾಪುರದ ಹತ್ತಿರ. ಅಪ್ಪ ಮಾಟುಂಗಾದ ಹೋಟೆಲಿನ ಕೆಲಸಕ್ಕೆ ಬಂದವರು, ನಾನು ಇಲ್ಲೇ ಬೆಳೆದೆ. ಫೋರ್ಟ್ ಕಡೆಯ ಆಫೀಸುಗಳಲ್ಲಿ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಕೆಲಸ ಮಾಡಿಕೊಂಡಿದ್ದೇನೆ.

ನಮ್ಮ ಕಡೆಯ ಕನ್ನಡ ಸಂಘದವರು ಮುಂದಿನ ತಿಂಗಳು ಒಂದು ಭಾನುವಾರ ಸಂಜೆ ಮಾತಾಡಿ ಅಂತ ಕೇಳಿದ್ದಾರೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: 'ಡಿಜಿಟಲ್ ಹಣ, ನಮ್ಮವರು ಹಿಂದೆ ಬೀಳಬಾರದು'. ನಾನು 2011ರಲ್ಲೇ ಮನೆಯಲ್ಲಿ ಬಿಟ್‌ಕಾಯಿನ್ ಮೈನಿಂಗ್ (ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಹೊಸ ನಾಣ್ಯ ಗಳಿಸುವುದು) ಮಾಡಿದ್ದೆ ಅಂತ ಯಾರೋ ಅವರಿಗೆ ಹೇಳಿದ್ದಾರೆ. ಒಂದು ವಾರದಿಂದ ಉತ್ತರ ಕೊಡದೆ ಕೂತಿದ್ದೇನೆ. ಯಾಕೆ ಅಂತ ಪೂರ್ತಿ ಬರೆಯುತ್ತೇನೆ. ಉದ್ದ ಆಗುತ್ತದೆ, ಓದಿ ಹೇಳಿ.

ಆ ವರ್ಷ ಫೆಬ್ರವರಿಯಲ್ಲಿ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ರೇಡಿಯಾನ್ 5770 ಗ್ರಾಫಿಕ್ಸ್ ಕಾರ್ಡ್ ತಗೊಂಡೆ. ಅಕ್ಕನ ಮಗ ಗೇಮ್ ಆಡಲಿ ಅಂತ. ಅವನ ಪರೀಕ್ಷೆ ಹತ್ತಿರ ಬಂತು, ಕಾರ್ಡ್ ಸುಮ್ನೆ ಬಿದ್ದಿತ್ತು. ಅದೇ ಹೊತ್ತಿಗೆ ಮೈನಿಂಗ್ ಬಗ್ಗೆ ಓದಿದೆ. ಮೊದಲು ಪ್ರೊಸೆಸರ್‌ನಲ್ಲೇ ಓಡಿಸಿ ನೋಡಿದೆ, ಏನೂ ಸಿಗಲಿಲ್ಲ. ಕಾರ್ಡ್ ಹಾಕಿದ ಮೇಲೆ ಸೆಕೆಂಡಿಗೆ ಸುಮಾರು 20 ಕೋಟಿ ಸಲ ಲೆಕ್ಕ ಮಾಡತೊಡಗಿತು. ಪರದೆಯ ಮೇಲೆ ಆ ಸಂಖ್ಯೆ ನೋಡಿ ಆ ರಾತ್ರಿ ನಿದ್ದೆ ಮಾಡಲಿಲ್ಲ.

ಏನು ಲೆಕ್ಕ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದನ್ನು ಒಂದು ಪುಟದಲ್ಲಿ ಬರೆದಿದ್ದೇವೆ ಅಂದುಕೊಳ್ಳಿ. ಅದರ ಕೊನೆಗೆ ಯಾವುದೋ ಒಂದು ಸಂಖ್ಯೆ ಸೇರಿಸಬೇಕು. ಎಲ್ಲವನ್ನೂ ಎಸ್‌ಎಚ್‌ಎ-256 ಅನ್ನುವ ಲೆಕ್ಕದೊಳಗೆ ಎರಡು ಸಲ ಹಾಯಿಸಿದರೆ ಒಂದು ಉದ್ದದ ಮುದ್ರೆ ಬರುತ್ತದೆ. ಆ ಮುದ್ರೆಯ ಶುರುವಿನಲ್ಲಿ ಬೇಕಾದಷ್ಟು ಸೊನ್ನೆ ಇರಬೇಕು. ಇಲ್ಲದಿದ್ದರೆ ಸಂಖ್ಯೆ ಬದಲಿಸಿ ಮತ್ತೆ ಹಾಯಿಸು. ಇದಕ್ಕೆ ಅಡ್ಡದಾರಿ ಇಲ್ಲ. ಯಾರಿಗೆ ಮೊದಲು ಸಿಕ್ಕಿತೋ ಅವರ ಪುಟ ಎಲ್ಲರ ಪುಸ್ತಕಕ್ಕೂ ಸೇರುತ್ತದೆ. ಅವರಿಗೆ ಆಗ 50 ಹೊಸ ಬಿಟ್‌ಕಾಯಿನ್ ಸಿಗುತ್ತಿತ್ತು. ಸುಮಾರು 10 ನಿಮಿಷಕ್ಕೆ ಒಂದು ಪುಟ. ಯಂತ್ರಗಳು ಜಾಸ್ತಿಯಾದರೆ ಲೆಕ್ಕ ತಾನಾಗಿಯೇ ಕಷ್ಟವಾಗುತ್ತದೆ. ಪ್ರತಿ 2,016 ಪುಟಕ್ಕೆ, ಅಂದರೆ ಹೆಚ್ಚುಕಮ್ಮಿ ಎರಡು ವಾರಕ್ಕೊಮ್ಮೆ, ಈ ಬಿಗಿ ಬದಲಾಗುತ್ತದೆ.

ಒಬ್ಬನೇ ಕೂತರೆ ವಾರಗಟ್ಟಲೆ ಏನೂ ಸಿಗದೆ ಹೋಗಬಹುದು. ಅದಕ್ಕೆ ಪೂಲ್ ಸೇರಿದೆ. ನಮ್ಮ ಕಡಲತೀರದ ಕೈರಂಪಣಿ ಬಲೆಯ ಹಾಗೆ. ಎಲ್ಲರೂ ಸೇರಿ ಹಗ್ಗ ಎಳೆಯುತ್ತಾರೆ, ಬಂದ ಮೀನನ್ನು ಪಾಲು ಮಾಡುತ್ತಾರೆ. ಮಾರ್ಚ್‌ನಲ್ಲಿ ನನ್ನ ಪಾಲಿಗೆ ದಿನಕ್ಕೆ ಎರಡು, ಎರಡೂವರೆ ನಾಣ್ಯ ಬರುತ್ತಿತ್ತು. ಜೂನ್ ಕೊನೆಗೆ ಅದೇ ಕಾರ್ಡ್, ಅದೇ ಕರೆಂಟ್, ದಿನಕ್ಕೆ ಕಾಲು ನಾಣ್ಯವೂ ಇಲ್ಲ.

ಮನೆ ಒಂದು ರೂಮು, ಒಂದು ಅಡುಗೆಮನೆ. ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟಿದ್ದೆ. ಆದರೂ ಕಾರ್ಡ್ 85 ಡಿಗ್ರಿ ತನಕ ಹೋಗುತ್ತಿತ್ತು. ಲೋಡ್ ಶೆಡ್ಡಿಂಗ್ ಆದಾಗ ಮನೆಯೆಲ್ಲ ಒಮ್ಮೆಲೇ ಮೌನ ಆಗುತ್ತಿತ್ತು. ಕರೆಂಟ್ ಬಂದಾಗ ಎದ್ದು ಮತ್ತೆ ಶುರು ಮಾಡುತ್ತಿದ್ದೆ, ರಾತ್ರಿ ಎರಡು ಗಂಟೆಯಾದರೂ. ಯಂತ್ರ ಸುಮಾರು 200 ವ್ಯಾಟ್ ಎಳೆಯುತ್ತಿತ್ತು. ದಿನಕ್ಕೆ ಹತ್ತಿರ ಹತ್ತಿರ 5 ಯುನಿಟ್, ತಿಂಗಳಿಗೆ 150. ಮನೆಯ ಉಳಿದೆಲ್ಲ ಕರೆಂಟ್ ಖರ್ಚಿಗಿಂತ ಅದೇ ಜಾಸ್ತಿ. ಬಿಲ್ಲು ಮೇಲಿನ ಸ್ಲ್ಯಾಬಿಗೆ ಹೋಯಿತು. ಅಮ್ಮ ಬೈಯಲಿಲ್ಲ. ಮಳೆಗಾಲ ಶುರುವಾದ ಮೇಲೆ ಒಣಗದೆ ಉಳಿದ ಸಂಡಿಗೆಯನ್ನು ತಟ್ಟೆಯಲ್ಲಿ ಹರಡಿ ಕಂಪ್ಯೂಟರಿನ ಹಿಂದೆ ಇಡುತ್ತಿದ್ದಳು. ಬಿಸಿಗಾಳಿ ಅಲ್ಲೇ ಬರುತ್ತಿತ್ತಲ್ಲ. ಅವತ್ತಿನ ಆ ಖುಷಿ ನಿಜವಾದದ್ದು. ಬ್ಯಾಂಕಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಜಗತ್ತಿನ ಒಂದು ಲೆಕ್ಕದ ಪುಸ್ತಕಕ್ಕೆ ಡೊಂಬಿವಲಿಯ ಚಾಳಿನಿಂದ ನಾನೂ ಕೈ ಹಾಕಿದ್ದೇನೆ ಅನ್ನಿಸುತ್ತಿತ್ತು. ಇದನ್ನು ಯಾರಿಗಾದರೂ ಹೇಳದೆ ಇರಲಾಗುತ್ತಿರಲಿಲ್ಲ.

ಹಾಗೆ ಹೇಳಿದ್ದು ನನ್ನ ಊರಿನ ಗೆಳೆಯನಿಗೆ. ಠಾಣೆಯ ಹತ್ತಿರ ಸಣ್ಣ ಹೋಟೆಲು ಅವನದು. ಜೂನ್ ಎರಡನೇ ವಾರ ಅದು. ಒಂದು ನಾಣ್ಯಕ್ಕೆ 30 ಡಾಲರ್ ಆಸುಪಾಸು ನಡೆಯುತ್ತಿತ್ತು. ಜನವರಿಯಲ್ಲಿ ಒಂದು ಡಾಲರ್ ಕೂಡ ಇರಲಿಲ್ಲ. ಕ್ಯಾಶ್ ಕೌಂಟರಿನ ಪಕ್ಕ ಸ್ಟೂಲ್ ಎಳೆದು ಕೂತು ಒಂದು ಗಂಟೆ ಮಾತಾಡಿದೆ. ಒಟ್ಟು 2 ಕೋಟಿ 10 ಲಕ್ಷ ನಾಣ್ಯ ಮಾತ್ರ, ಅದಕ್ಕಿಂತ ಹೆಚ್ಚು ಹುಟ್ಟುವುದಿಲ್ಲ, ಬೆಲೆ ಏರಲೇಬೇಕು ಅಂದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. 'ನೀನು ಹೇಳ್ತಿದ್ದೀಯಲ್ಲ ಮಾರಾಯಾ, ಹಾಕಬಹುದಾ?' ಹಾಕು ಅಂದೆ. ನನ್ನ ಹತ್ತಿರ ಇದ್ದ 20 ನಾಣ್ಯವನ್ನು ತಲಾ 1,200 ರೂಪಾಯಿಗೆ ನಾನೇ ಮಾರಿದೆ. 24,000. ಮಗಳ ಕಾಲೇಜಿಗೆ ಎತ್ತಿಟ್ಟ ಹಣ ಅದು ಅಂತ ಆಮೇಲೆ ಗೊತ್ತಾಯಿತು. ಆ ಹಣದಲ್ಲಿ ನಾನು ಇನ್ನೊಂದು ಕಾರ್ಡ್ ತಗೊಂಡೆ.

ಅದೇ ತಿಂಗಳು ಒಂದು ದೊಡ್ಡ ವಿನಿಮಯ ತಾಣಕ್ಕೆ ಕನ್ನ ಬಿತ್ತು. ಬೆಲೆ ಇಳಿಯುತ್ತಾ ಹೋಯಿತು. ನವೆಂಬರ್‌ಗೆ ಎರಡು, ಎರಡೂವರೆ ಡಾಲರ್. ಫೀಸು ಕಟ್ಟಬೇಕಿತ್ತು. ಮಾರಿಕೊಡು ಅಂದ, ಮಾರಿಕೊಟ್ಟೆ. ಕೈಗೆ ಬಂದದ್ದು 2,500. ಅವನು ಏನೂ ಅನ್ನಲಿಲ್ಲ. ಚಹಾ ತರಿಸಿದ.

ಎರಡು ವರ್ಷದ ಮೇಲೆ, 2013ರ ನವೆಂಬರ್ ಕೊನೆಗೆ, ಒಂದು ನಾಣ್ಯ 1,000 ಡಾಲರ್ ದಾಟಿತು. ಅವತ್ತು ರಾತ್ರಿ ಫೋನ್ ಬಂತು. ಅವನ 20 ನಾಣ್ಯ ಇದ್ದಿದ್ದರೆ 12 ಲಕ್ಷ. 'ಕೊಳ್ಳು ಅಂತ ಹೇಳಿದವನು ಮಾರಬೇಡ ಅಂತ ಯಾಕೆ ಹೇಳಲಿಲ್ಲ?' ಅಂದ. ಉತ್ತರ ಇರಲಿಲ್ಲ. ಮಾತುಕತೆ ಅಲ್ಲಿಗೆ ನಿಂತಿತು.

ನನ್ನ ಉಳಿದ ನಾಣ್ಯಗಳ ಕಥೆ ಸಣ್ಣದು. 2012ರಲ್ಲಿ 60 ನಾಣ್ಯವನ್ನು ಪುಣೆಯ ಒಬ್ಬ ಹುಡುಗನಿಗೆ ದಾದರ್ ಸ್ಟೇಷನ್ ಹತ್ತಿರ ಕೊಟ್ಟೆ. ನಾಣ್ಯಕ್ಕೆ 5 ಡಾಲರ್ ಲೆಕ್ಕದಲ್ಲಿ ನಗದು. ವ್ಯವಹಾರ ಖಾತ್ರಿಯಾಗಲು ಆರು ಪುಟ ದಾಟುವ ತನಕ ಒಂದು ಗಂಟೆ ಇಬ್ಬರೂ ಕಾದೆವು. ಆ ಹಣದಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಿದೆ. ಮತ್ತೆ ಸೂಜಿಗೆ ದಾರ ಪೋಣಿಸಿದಳು. ಅದರ ಬಗ್ಗೆ ನನಗೆ ಬೇಸರ ಇಲ್ಲ. ಬೇಸರ ಇರುವುದು ಆ ಸ್ಟೂಲಿನ ಮೇಲೆ ಕೂತು ಆಡಿದ ಮಾತಿನ ಬಗ್ಗೆ.

ಈಗ ಹೇಳಿ. ಒಬ್ಬನ ಎದುರು ಆಡಿದ ಮಾತೇ ಹೀಗಾಯಿತು. ನೂರು ಜನರ ಎದುರು ಹೋಗಲಾ?

—

ಕೋಥ್ರೂಡ್ ಹುಬ್ಬಳ್ಳಿಯವ

ಅಣ್ಣಾ, ಓದಿ ಮನಸ್ಸಿಗೆ ತಟ್ಟಿತು. ಆದರೂ ಹೋಗಿ ಅಂತಲೇ ಹೇಳುತ್ತೇನೆ.

ನಾನು ಪುಣೆಗೆ ಓದಲು ಬಂದವನು. 2013ರಲ್ಲಿ ಹಾಸ್ಟೆಲ್ ಬಿಟ್ಟು ರೂಮು ಮಾಡಿದ ಮೇಲೆ ತಪ್ಕೀರ್ ಗಲ್ಲಿಯಲ್ಲಿ ಸಾಮಾನು ಹುಡುಕಿ, ಬಿಟ್‌ಕಾಯಿನ್ ಥರದ್ದೇ ಇನ್ನೊಂದು ನಾಣ್ಯವಾದ ಲೈಟ್‌ಕಾಯಿನ್ ಮೈನಿಂಗ್ ಮಾಡಿದೆ. ಅಷ್ಟೊತ್ತಿಗೆ ಬಿಟ್‌ಕಾಯಿನ್‌ಗೆಂದೇ ಮಾಡಿದ ಚಿಪ್ಪುಗಳು ಬಂದಿದ್ದವು. ಗೇಮಿನ ಕಾರ್ಡ್ ಇಟ್ಟುಕೊಂಡವರಿಗೆ ಅಲ್ಲಿ ಜಾಗ ಇರಲಿಲ್ಲ. 2012ರ ನವೆಂಬರ್ 28ಕ್ಕೆ ಒಂದು ಪುಟಕ್ಕೆ ಸಿಗುವ ಬಹುಮಾನ ಕೂಡ 50ರಿಂದ 25ಕ್ಕೆ ಇಳಿದಿತ್ತು. ಈಗ, 2024ರ ಏಪ್ರಿಲ್‌ನಿಂದ, 3.125. ಲೈಟ್‌ಕಾಯಿನ್‌ನ ಸ್ಕ್ರಿಪ್ಟ್ ಲೆಕ್ಕಕ್ಕೆ ಮೆಮೊರಿ ಜಾಸ್ತಿ ಬೇಕು, ಅದಕ್ಕೆ ನಮ್ಮಂಥವರು ಆ ಕಡೆ ಹೋದೆವು. ಅದೂ ಹೆಚ್ಚು ದಿನ ನಡೆಯಲಿಲ್ಲ ಬಿಡಿ.

ಹೋಗಿ ಅನ್ನುವುದಕ್ಕೆ ಕಾರಣ ಇದು. ನಮ್ಮ ಸೊಸೈಟಿಯಲ್ಲಿ ಒಬ್ಬ ಕಾಕಾ ಇದ್ದಾರೆ, ರಿಟೈರ್ ಆದವರು. ಅವರಿಗೆ ಯಾರೋ ಬಂದು ನಿಮ್ಮ ಹಣದಲ್ಲಿ ನಾವು ಮೈನಿಂಗ್ ಮಾಡುತ್ತೇವೆ, ತಿಂಗಳಿಗೆ ಇಷ್ಟು ಗ್ಯಾರಂಟಿ ಅಂದರು. ಪ್ರಾವಿಡೆಂಟ್ ಫಂಡ್ ಹಣ ಹಾಕಿದರು. ಮೊದಲ ಮೂರು ತಿಂಗಳು ಬಂತು, ಆಮೇಲೆ ಇಲ್ಲ. ಪರಿಚಯದವರನ್ನೂ ಸೇರಿಸಿದ್ದರು. ಈಗ ಲಿಫ್ಟಿನಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ.

ನೀವು ಮೇಲೆ ಬರೆದ ಒಂದೇ ಸಾಲು ಅವರಿಗೆ ಮೊದಲೇ ಗೊತ್ತಿದ್ದರೆ ಸಾಕಿತ್ತು. ಮಾರ್ಚ್‌ನಲ್ಲಿ ದಿನಕ್ಕೆ ಎರಡು, ಜೂನ್‌ನಲ್ಲಿ ಕಾಲು ಕೂಡ ಇಲ್ಲ ಅಂದಿರಲ್ಲ, ಅದು. ಎರಡು ವಾರಕ್ಕೊಮ್ಮೆ ಲೆಕ್ಕ ಬಿಗಿಯಾಗುವ ಕೆಲಸದಲ್ಲಿ ತಿಂಗಳಿಗೆ ಇಷ್ಟೇ ಅಂತ ಖಾತ್ರಿ ಕೊಡಲು ಯಾರಿಂದ ಆಗುತ್ತದೆ? ಕೊಡುತ್ತೇನೆ ಅಂದವನು ಮೈನಿಂಗ್ ಮಾಡುತ್ತಿಲ್ಲ, ಆಮೇಲೆ ಬಂದವರ ಹಣವನ್ನು ಮೊದಲು ಬಂದವರಿಗೆ ಹಂಚುತ್ತಿದ್ದಾನೆ. ಇದು ಕಾರ್ಡಿನ ಬಿಸಿ ಕಂಡವರ ಬಾಯಿಂದ ಬಂದರೆ ಜನ ನಂಬುತ್ತಾರೆ. ನೀವು ಸುಮ್ಮನಿದ್ದರೆ ಆ ಖುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ ಅಲ್ವಾ?

—

ಮಾಟುಂಗಾ ಅಕ್ಕ

ನಾನು 34 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ತಮ್ಮಾ, ನಿನ್ನ ಬರಹ ಎರಡು ಸಲ ಓದಿದೆ. ನನ್ನ ಅಭಿಪ್ರಾಯ, ಆ ವಿಷಯದ ಹೆಸರಿನಲ್ಲಿ ಹೋಗಬೇಡ.

ಮೊದಲನೆಯದಾಗಿ ನಮ್ಮ ಹಿರಿಯರಿಗೆ 'ಡಿಜಿಟಲ್ ಹಣ' ಅಂದರೆ ಎಲ್ಲವೂ ಒಂದೇ. ತರಕಾರಿಯವನಿಗೆ ಯುಪಿಐ ಮಾಡಿದರೆ ಹೋಗುವುದು ಬ್ಯಾಂಕ್ ಖಾತೆಯಲ್ಲಿರುವ ನಮ್ಮ ಮಾಮೂಲಿ ರೂಪಾಯಿ. ಇ-ರೂಪಾಯಿ ಅಂದರೆ ರಿಸರ್ವ್ ಬ್ಯಾಂಕೇ ಹೊರಡಿಸುವ ನೋಟು, ಕಾಗದದ ಬದಲು ಫೋನಿನಲ್ಲಿ. ಸಾಮಾನ್ಯ ಜನರಿಗೆ ಅದರ ಪ್ರಯೋಗ 2022ರ ಡಿಸೆಂಬರ್ 1ರಂದು ಶುರುವಾದ ನಾಲ್ಕು ಊರುಗಳಲ್ಲಿ ನಮ್ಮ ಮುಂಬೈ ಒಂದು. ಬಿಟ್‌ಕಾಯಿನ್ ಈ ಎರಡೂ ಅಲ್ಲ. ಅದರ ಹಿಂದೆ ಯಾವ ಸರಕಾರವೂ ಇಲ್ಲ, ಕೌಂಟರೂ ಇಲ್ಲ. ಪಾಸ್‌ವರ್ಡ್ ಮರೆತರೆ ಬಂದು ಅಳಲಿಕ್ಕೂ ಜಾಗ ಇಲ್ಲ. ಮೂರನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದರೆ ಯುಪಿಐ ಮೇಲಿನ ನಂಬಿಕೆ ಬಿಟ್‌ಕಾಯಿನ್‌ಗೂ ಅಂಟುತ್ತದೆ. ಮೋಸ ಮಾಡುವವರಿಗೆ ಬೇಕಾಗಿರುವುದೂ ಅದೇ.

ಕಾನೂನು ಎಷ್ಟು ಸಲ ತಿರುಗಿದೆ ಅಂತಲೂ ನೋಡು. 2013ರ ಡಿಸೆಂಬರ್ 24ರಂದು ರಿಸರ್ವ್ ಬ್ಯಾಂಕ್ ಎಚ್ಚರಿಕೆ ಕೊಟ್ಟಿತು. 2018ರ ಏಪ್ರಿಲ್ 6ರ ಸುತ್ತೋಲೆಯಲ್ಲಿ ಈ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಹೇಳಿತು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಆ ಸುತ್ತೋಲೆಯನ್ನು ರದ್ದು ಮಾಡಿತು. 2022ರ ಬಜೆಟ್ಟಿನಲ್ಲಿ ಲಾಭದ ಮೇಲೆ 30% ತೆರಿಗೆ ಬಂತು, ಮಾರುವಾಗ 1% ಮೊದಲೇ ಕಡಿತ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮೈನಿಂಗ್ ಯಂತ್ರಕ್ಕೆ ಸುರಿದ ಹಣವನ್ನೂ ಖರೀದಿ ವೆಚ್ಚ ಅಂತ ತೋರಿಸಲಾಗದು. ತೆರಿಗೆ ಹಾಕಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತ ಜನ ತಿಳಿಯುತ್ತಾರೆ, ಅದು ಹಾಗಲ್ಲ.

ಎಲ್ಲಕ್ಕಿಂತ ಮುಖ್ಯ, ಸಂಘದ ವೇದಿಕೆ ಅಂದರೆ ಸುಮ್ನೆ ಅಲ್ಲ. ಪರವೂರಿನಲ್ಲಿ ನಮ್ಮವರು ಅಂತ ಇರುವುದೇ ಅದು. ಬ್ಯಾಂಕಿನಲ್ಲಿ ನನ್ನ ಕೌಂಟರಿಗೆ ಬರುತ್ತಿದ್ದ ನಮ್ಮ ಹೋಟೆಲಿನ ಹುಡುಗರು ಫಾರಂ ಓದದೆ ಸಹಿ ಹಾಕುತ್ತಿದ್ದರು. 'ಅಕ್ಕ ಹೇಳಿದ್ದಾರೆ' ಅಷ್ಟೇ. ಆ ಎರಡು ಪದದ ಭಾರ ನನಗೆ ಗೊತ್ತು. ನಿನ್ನ ಗೆಳೆಯನೂ ಬಿಟ್‌ಕಾಯಿನ್ ನಂಬಲಿಲ್ಲ ತಮ್ಮಾ, ನಿನ್ನನ್ನು ನಂಬಿದ.

—

ಫೋಂಡಾದಿಂದ

ನನಗೆ ಅಕ್ಕನ ಮಾತು ಅರ್ಧ ಒಪ್ಪಿಗೆ. ನಾನು ಗೋವಾದಲ್ಲಿ ಫ್ಯಾಕ್ಟರಿ ಕೆಲಸ, ಊರು ಗದಗ. ಗೊತ್ತಿರುವವರು ಬಾಯಿ ಮುಚ್ಚಿ ಕೂತರೆ ಅದೂ ಅನ್ಯಾಯವೇ. ದೊಡ್ಡ ಊರಿನ, ದೊಡ್ಡ ಸಂಬಳದ ಜನಕ್ಕೆ ಎಲ್ಲ ಮೊದಲೇ ತಿಳಿಯುತ್ತದೆ. ನಮಗೆ ತಿಳಿಯುವಾಗ ಬರೀ ಮೋಸ ಮಾಡುವವರು ಉಳಿದಿರುತ್ತಾರೆ.

ಶುರುವಿನಲ್ಲಿ ಪ್ರಚಾರ ಬೇರೆ ಥರ ಇತ್ತು. ಬಿಟ್‌ಕಾಯಿನ್ ಪ್ರೋಗ್ರಾಂ ಬರೆಯುತ್ತಿದ್ದವರಲ್ಲಿ ಒಬ್ಬರಾದ ಗ್ಯಾವಿನ್ ಆಂಡ್ರೆಸನ್ 2010ರಲ್ಲಿ ಒಂದು ತಾಣ ಮಾಡಿ, ಬಂದವರಿಗೆಲ್ಲ 5 ಬಿಟ್‌ಕಾಯಿನ್ ಪುಕ್ಕಟೆ ಕೊಡುತ್ತಿದ್ದರು. ಮುಟ್ಟಿ ನೋಡಿ, ಕಳಿಸಿ ನೋಡಿ, ಕಳೆದುಹೋದರೆ ಹೋಯಿತು. ಅದೇ ವರ್ಷ ಮೇ 22ರಂದು ಅಮೆರಿಕದ ಪ್ರೋಗ್ರಾಮರ್ ಲಾಸ್ಲೋ ಹನ್ಯೆಚ್ 10,000 ನಾಣ್ಯಕ್ಕೆ ಎರಡು ಪಿಜ್ಜಾ ತರಿಸಿದರು. ಜನ ಇವತ್ತು ಅವರನ್ನು ಪೆದ್ದ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಣ ಅಂತ ಮಾಡಿದ್ದನ್ನು ಹಣದ ಹಾಗೆ ಖರ್ಚು ಮಾಡಿ ತೋರಿಸಿದರು. ಕೊಟ್ಟು ಕಲಿಸಿದರೆ ತಪ್ಪಿಲ್ಲ, ಮಾರಿ ಕಲಿಸಿದರೆ ತಪ್ಪು. ಹೋಗಿ ಮಾತಾಡಿ.

—

ಮಾನಪಾಡಾ ರೋಡ್

ನಾಲ್ಕು ದಿನ ಯೋಚನೆ ಮಾಡಿದೆ. ಎಲ್ಲರಿಗೂ ಧನ್ಯವಾದ. ಅಕ್ಕಾ, ನಿಮ್ಮ ಕೊನೆಯ ಸಾಲು ಓದಿ ಫೋನ್ ಪಕ್ಕಕ್ಕಿಟ್ಟು ಹೊರಗೆ ನಡೆದುಕೊಂಡು ಹೋದೆ.

ಫೋಂಡಾದವರು ಹೇಳಿದ 'ಮಾರಿ ಕಲಿಸಿದರೆ ತಪ್ಪು' ಅನ್ನುವುದೇ ನನಗೆ ಇಷ್ಟು ವರ್ಷ ಸಿಗದ ಮಾತು. ಬೆಲೆ ಇಳಿದದ್ದು ನನ್ನ ತಪ್ಪಲ್ಲ, ಏರಿದ್ದೂ ಅಲ್ಲ. ತಿಳಿಸಿ ಹೇಳುವವನೂ ನಾನೇ, ಮಾರುವವನೂ ನಾನೇ ಆದದ್ದು ತಪ್ಪು. ನನಗೆ ಎರಡನೇ ಕಾರ್ಡ್ ಬೇಕಿತ್ತು. ಆ ಆಸೆ ನನ್ನ ಮಾತಿನೊಳಗೆ ಸೇರಿಕೊಂಡಿತ್ತು. ಗೆಳೆಯನಿಗೆ ಅದು ಕಾಣಲಿಲ್ಲ. ನನಗೂ ಕಾಣಲಿಲ್ಲ.

ಹಳೆಯದನ್ನೆಲ್ಲ ಮತ್ತೆ ನೆನಪು ಮಾಡಿಕೊಂಡೆ. ಇದನ್ನು ಹುಟ್ಟುಹಾಕಿದ ಸತೋಶಿಯೇ ಜೋರಾದ ಪ್ರಚಾರಕ್ಕೆ ಹಿಂಜರಿದವರು. 2009ರ ಡಿಸೆಂಬರ್‌ನಲ್ಲೇ, ಗ್ರಾಫಿಕ್ಸ್ ಕಾರ್ಡಿನ ಪೈಪೋಟಿಯನ್ನು ಆದಷ್ಟು ದಿನ ಮುಂದೂಡೋಣ, ಬರೀ ಪ್ರೊಸೆಸರ್ ಇದ್ದವರೂ ಸರಿಸಮ ಸೇರುವಂತಿರಲಿ ಅಂತ ಕೇಳಿಕೊಂಡಿದ್ದರು. ಮರುವರ್ಷ ಡಿಸೆಂಬರ್‌ನಲ್ಲಿ ವಿಕಿಲೀಕ್ಸ್‌ಗೆ (ಸರಕಾರಗಳ ಗುಟ್ಟಿನ ಕಾಗದಪತ್ರ ಹೊರಹಾಕುವ ತಾಣ) ಹಣ ಬರುವ ದಾರಿಗಳು ಮುಚ್ಚಿದಾಗ, ಬಿಟ್‌ಕಾಯಿನ್ ಬಳಸಲಿ, ಹೆಸರು ಬರುತ್ತದೆ ಅಂತ ಕೆಲವರು ಹುರುಪಿನಲ್ಲಿದ್ದರು. ಬೇಡ, ಇದಿನ್ನೂ ಎಳೆಯದು, ನಿಧಾನವಾಗಿ ಬೆಳೆಯಬೇಕು ಅಂತ ಅವರು ಬೇಡಿಕೊಂಡರು. ಆ ಜಗಳ ಓದಿದಾಗ ನಾನು ಹುರುಪಿನವರ ಕಡೆ ಇದ್ದೆ. ಅವತ್ತು ಬಂದದ್ದು ಕಾರ್ಡ್ ಇಟ್ಟುಕೊಂಡವರು. ನಾನೂ ಅವರಲ್ಲೊಬ್ಬ. ನಮ್ಮಿಂದ ಪ್ರೊಸೆಸರಿನವರು ಹೊರಗೆ ಹೋದರು. ಚಿಪ್ಪಿನವರು ಬಂದು ನಮ್ಮನ್ನು ಹೊರಗೆ ಹಾಕಿದರು. ಇದನ್ನು ದೂರು ಅಂತ ಹೇಳುತ್ತಿಲ್ಲ, ನಡೆದದ್ದು ಹಾಗೆ.

ಸಂಘಕ್ಕೆ ಫೋನ್ ಮಾಡಿದೆ. ಬರುತ್ತೇನೆ, ಆದರೆ ವಿಷಯದ ಹೆಸರು ಬದಲಿಸಿ ಅಂದೆ. ಕಾರ್ಯದರ್ಶಿಯವರಿಗೆ ಸ್ವಲ್ಪ ಬೇಸರವಾಯಿತು, 'ಹಿಂದೆ ಬೀಳಬಾರದು' ಅನ್ನುವುದು ಅವರಿಗೆ ಇಷ್ಟದ ಸಾಲು. ಕೊನೆಗೆ ಒಪ್ಪಿದರು. ಈಗ ಬರೀ 'ಬಿಟ್‌ಕಾಯಿನ್ ಹೇಗೆ ನಡೆಯುತ್ತದೆ' ಅಂತ ಮಾತ್ರ. ಶುರುವಿನ ಹತ್ತು ನಿಮಿಷ ಯುಪಿಐ, ಇ-ರೂಪಾಯಿ, ಬಿಟ್‌ಕಾಯಿನ್ ಬೇರೆ ಬೇರೆ ಅನ್ನುವುದಕ್ಕೆ. ಅಕ್ಕಾ, ಅದನ್ನು ನೀವೇ ಬಂದು ಹೇಳಿದರೆ ಇನ್ನೂ ಒಳ್ಳೆಯದು. ಮಾಟುಂಗಾದಿಂದ ದಾದರ್‌ಗೆ ಬಂದು ಫಾಸ್ಟ್ ಲೋಕಲ್ ಹಿಡಿದರೆ ಒಂದು ಗಂಟೆ ಸಾಕು. ಸ್ಟೇಷನ್‌ಗೆ ನಾನು ಬರುತ್ತೇನೆ.

ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಯಾರಾದರೂ ತಮ್ಮ ಹೆಸರು ಹೇಳಿದರೆ, ಅದಕ್ಕೆ ಸಂಖ್ಯೆ ಸೇರಿಸುತ್ತಾ ಹೋಗಿ, ನಾಲ್ಕು ಸೊನ್ನೆಯಿಂದ ಶುರುವಾಗುವ ಮುದ್ರೆ ಹುಡುಕುತ್ತದೆ. ಮುದ್ರೆಯ ಒಂದೊಂದು ಜಾಗದಲ್ಲಿ 16 ಥರದ ಅಕ್ಷರ ಬರಬಹುದು, ಹಾಗಾಗಿ ಸರಾಸರಿ 65,536 ಸಲ ಯತ್ನ ಮಾಡಬೇಕು. ಐದು ಸೊನ್ನೆ ಬೇಕು ಅಂದರೆ ಅದರ 16 ಪಟ್ಟು. ನಿನ್ನೆ ಅಮ್ಮನ ಹೆಸರು ಹಾಕಿದೆ. ನಾಲ್ಕು ಸೊನ್ನೆ ಕಣ್ಣು ಮಿಟುಕಿಸುವುದರೊಳಗೆ ಬಂತು. ಏಳಕ್ಕೆ ಕೇಳಿದ ಮೇಲೆ ಅವಳು ಅನ್ನಕ್ಕಿಟ್ಟು ಬಂದು ನೋಡಿದಳು, ಇನ್ನೂ ಹುಡುಕುತ್ತಿತ್ತು. ಇದನ್ನು ನೋಡಿದವರಿಗೆ ಗ್ಯಾರಂಟಿ ಆದಾಯದ ಮಾತು ಬೇಗ ಹಿಡಿಸುವುದಿಲ್ಲ. ಹುಬ್ಬಳ್ಳಿ ತಮ್ಮಾ, ನಿಮ್ಮ ಕಾಕಾ ಅವರ ಕಥೆಯನ್ನು ಹೆಸರು, ಜಾಗ ಹೇಳದೆ ಹೇಳಬಹುದಾ? ಅವರನ್ನು ಕೇಳಿ ತಿಳಿಸಿ. ಬೇಡ ಅಂದರೆ ಬೇಡ.

ಬೆಲೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಕೊಳ್ಳಬಹುದಾ ಅಂತ ಕೇಳಿದರೆ ನನ್ನ 24,000 ರೂಪಾಯಿಯ ಕಥೆಯನ್ನೇ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಕೆಲಸ ಇತ್ತು. ನಿನ್ನೆ ಠಾಣೆಗೆ ಹೋದೆ. ಗೆಳೆಯ ಕೌಂಟರಿನಲ್ಲೇ ಇದ್ದ, ತಲೆ ಪೂರ್ತಿ ಬೆಳ್ಳಗಾಗಿದೆ. ನಿನ್ನ ಕಥೆಯನ್ನು ಜನರ ಎದುರು ಹೇಳಬಹುದಾ ಅಂತ ಕೇಳಿದೆ. ಆ ದಿನ ಮಾರುವವನು ನಾನೇ ಆಗಿದ್ದೆ, ಕಾರ್ಡ್ ಕೊಳ್ಳಲು ನನಗೆ ಹಣ ಬೇಕಿತ್ತು, ಅದನ್ನು ನಿನಗೆ ಹೇಳಲಿಲ್ಲ ಅಂತಲೂ ಹೇಳಿದೆ. ಅವನು ಸ್ವಲ್ಪ ಹೊತ್ತು ಚಿಲ್ಲರೆ ಎಣಿಸುತ್ತಿದ್ದ. ಆಮೇಲೆ, 'ಮಗಳು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿ ಎಂಟು ವರ್ಷ ಆಯಿತು. ಹೇಳು, ಆದರೆ ಹೋಟೆಲಿನ ಹೆಸರು ಹೇಳಬೇಡ' ಅಂದ. ಭಾನುವಾರ ಬರುತ್ತೀಯಾ ಅಂತ ಕೇಳಿದೆ. ಭಾನುವಾರ ಸಂಜೆ ಗಿರಾಕಿ ಜಾಸ್ತಿ ಅಂದ. ಬರುವುದಿಲ್ಲ ಅಂತ ಹೇಳಲಿಲ್ಲ.

ಒಂದು ಸಹಾಯ ಬೇಕು. ಹಳೆಯ 5770 ಕಾರ್ಡ್ ಇನ್ನೂ ಇದೆ, ಅದನ್ನು ಓಡಿಸಿ ಬಿಸಿಗಾಳಿ ಎಲ್ಲರ ಕೈಗೆ ತಾಗಿಸಬೇಕು ಅಂತ ಆಸೆ. ಆದರೆ ಪವರ್ ಸಪ್ಲೈನ ಆರು ಪಿನ್ನಿನ ತುದಿ ತುಕ್ಕು ಹಿಡಿದಿದೆ, ಇಲ್ಲಿನ ಹವೆ ನಿಮಗೆ ಗೊತ್ತೇ ಇದೆ. ಕಲ್ಯಾಣ್, ಠಾಣೆ ಕಡೆ ಯಾರ ಹತ್ತಿರವಾದರೂ 450 ವ್ಯಾಟಿನ ಹಳೆಯ ಸಪ್ಲೈ ಇದ್ದರೆ ಹೇಳಿ. ಬಂದು ತಗೊಂಡು ಹೋಗುತ್ತೇನೆ, ಸೋಮವಾರ ವಾಪಸ್ ಕೊಡುತ್ತೇನೆ.